ಸೋಮವಾರದ ಚೀಲ

ನಮ್ಮ ಮನೆಯಲ್ಲಿ ಯಾರಾದರೂ ಊರಿಗೆ ಹೊರಟರೆ ಇಂದಿಗೂ ನನ್ನನ್ನು ಕರೆಯುತ್ತಾರೆ. ಮಂಚದ ಮೇಲೆ ಬಟ್ಟೆಬರೆ ಹರಡಿಕೊಂಡು, ಬಾಯಿ ತೆರೆದ ಚೀಲದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, 'ಒಂದ ಸಲ ನೀವು ನೋಡ್ರಿ' ಎನ್ನುತ್ತಾರೆ. ನಾನು ನೋಡುತ್ತೇನೆ. ಅರ್ಧಕ್ಕರ್ಧ ತೆಗೆದು ಬದಿಗಿಡುತ್ತೇನೆ. ಉಳಿದದ್ದನ್ನು ಬಿಗಿಯಾಗಿ ಸುರುಳಿ ಸುತ್ತಿ, ಭಾರದ್ದು ಕೆಳಗೆ, ಮೊದಲು ಬೇಕಾಗುವುದು ಮೇಲೆ ಎಂದು ಜೋಡಿಸಿ ಕೊಡುತ್ತೇನೆ. ಅವರು ಹೊಗಳುತ್ತಾರೆ. ಹೊಗಳಿಸಿಕೊಂಡಾಗ ನನಗೆ ಖುಷಿಯಾಗುವುದಿಲ್ಲ, ಭುಜ ನೋಯುತ್ತದೆ. ಈ ವಿದ್ಯೆಯನ್ನು ನಾನು ದೇಶ ಸುತ್ತಿ ಕಲಿತದ್ದಲ್ಲ. ಬೆಳಗಾವಿಯ ವಡಗಾವಿಯಿಂದ ಖಾನಾಪುರದಾಚೆಯ ಒಂದು ಹಳ್ಳಿಗೆ ಸೋಮವಾರ ಹೋಗಿ ಶನಿವಾರ ಬಂದು, ಮತ್ತೆ ಸೋಮವಾರ ಹೋಗಿ ಶನಿವಾರ ಬಂದು ಕಲಿತದ್ದು. ಅದನ್ನು ಪ್ರವಾಸ ಎನ್ನುವವರಿಗೆ ನನ್ನ ನಮಸ್ಕಾರ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಾಗ ಮಗಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ನಮ್ಮ ಮನೆಯವರು ವಡಗಾವಿಯ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಸೀರೆ ನೇಯುತ್ತಿದ್ದರು. ಕರೆಂಟು ಇದ್ದಷ್ಟು ಹೊತ್ತು ಗೋಡೆಗಳೂ ಅದುರುವಂತೆ ಮಗ್ಗ ಓಡುತ್ತಿತ್ತು, ಕರೆಂಟು ಹೋದರೆ ಇಡೀ ಓಣಿಗೆ ಕಿವುಡು ಬಡಿದಂತೆ ಆಗುತ್ತಿತ್ತು. ಮನೆಯಲ್ಲಿ ಅತ್ತೆ ಇದ್ದರು. ಗಟ್ಟಿ ಹೆಂಗಸು, ಮಾತಿನಲ್ಲಿಯೂ ಕೈಯಲ್ಲಿಯೂ. ನೇಮಕದ ಆದೇಶ ಬಂದ ದಿನ ಹಳ್ಳಿಯ ಹೆಸರು ಕೇಳಿ ನಾನು ಅಳುಮುಖ ಮಾಡಿಕೊಂಡಿದ್ದಾಗ ತೀರ್ಪು ಕೊಟ್ಟವರು ಅವರೇ.

'ಸರ್ಕಾರದ ನೌಕರಿ ಬಾಗಲಕ್ಕ ಬಂದೈತಿ, ಒದ್ದು ಕಳಸ್ತಿ ಏನು? ಕೂಸಿನ ಚಿಂತಿ ಬಿಡು. ಅದನ್ನ ನಾ ನೋಡ್ಕೋತೀನಿ. ವರ್ಷೊಪ್ಪತ್ತಿನ್ಯಾಗ ವರ್ಗ ಮಾಡಿಸ್ಕೊಂಡ ಬಾ.'

ವರ್ಷೊಪ್ಪತ್ತು! ಆ ಮಾತನ್ನು ನಂಬಿಯೇ ನಾನು ಹೊರಟೆ.

ಮೊದಲ ಸೋಮವಾರ ಹೊಸ ಸಂಸಾರ ಹೂಡುವವಳ ಹಾಗೆ ಹೊರಟಿದ್ದೆ. ತವರಿನವರು ಕೊಟ್ಟ ತಗಡಿನ ಟ್ರಂಕು, ಹಗ್ಗ ಬಿಗಿದ ಹಾಸಿಗೆ, ಸೀಮೆಎಣ್ಣೆಯ ಸ್ಟೋವು, ಮೇಲೊಂದು ತಾಮ್ರದ ತಂಬಿಗೆ. ಬೆಳಗಾವಿಯಿಂದ ಖಾನಾಪುರದವರೆಗೆ ಏನೂ ತೊಂದರೆಯಾಗಲಿಲ್ಲ. ಖಾನಾಪುರದಲ್ಲಿ ಇಳಿದು ಹಳ್ಳಿಯ ಬಸ್ಸು ಹಿಡಿದಾಗ ನಿಜವಾದ ತಮಾಷೆ ಶುರುವಾಯಿತು. ಮಳೆಗಾಲ. ಕಚ್ಚಾ ರಸ್ತೆಯಲ್ಲಿ ಬಸ್ಸು ಮುಂದೆ ಹೋಗುವುದಿಲ್ಲವೆಂದು ಕಂಡಕ್ಟರ್ ನನ್ನನ್ನು ದಾರಿ ಒಡೆಯುವ ಫಾಟಾದಲ್ಲೇ ಇಳಿಸಿ, ಟ್ರಂಕನ್ನು ಮೇಲಿನಿಂದ ಕೆಳಗೆ ನೂಕಿದ. ಅಲ್ಲಿಂದ ಊರಿಗೆ ಕೆಸರಿನ ದಾರಿ, ನಡುವೆ ಒಂದು ಹಳ್ಳ, ಹಳ್ಳದ ಮೇಲೆ ಎರಡು ಮರದ ದಿಮ್ಮಿ. ಟ್ರಂಕನ್ನು ಆಚೆ ಇಟ್ಟು ಬಂದು ಹಾಸಿಗೆ ಒಯ್ದೆ, ಹಾಸಿಗೆ ಇಟ್ಟು ಬಂದು ಸ್ಟೋವು ಒಯ್ದೆ. ಶಾಲೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಹೋಗಿತ್ತು. ಸ್ಟೋವಿನ ಎಣ್ಣೆ ಸೋರಿ ಹಾಸಿಗೆಗೂ ಸೀರೆಗೂ ಹಿಡಿದುಬಿಟ್ಟಿತ್ತು. ಆ ವಾರವಿಡೀ ನಾನು ಹತ್ತಿರ ಹೋದರೆ ಮಕ್ಕಳು ಮೂಗು ಹಿಂಡಿಕೊಳ್ಳುತ್ತಿದ್ದವು.

ಟ್ರಂಕು, ಹಾಸಿಗೆ, ಸ್ಟೋವು ಆ ಶನಿವಾರವೇ ವಡಗಾವಿಗೆ ವಾಪಸಾದವು. ನಮ್ಮ ಮನೆಯವರು ಟ್ರಂಕಿನಲ್ಲಿ ನೂಲು ಸುತ್ತುವ ಕೋಲಿನಂಥ ಕಂಡಿಕೆ ತುಂಬಿಟ್ಟರು. ನಾನು ಭಾನುವಾರ ಪೇಟೆಗೆ ಹೋಗಿ, ಅಂಗಡಿಕಾರರು ಮಾಲಿನ ಮೇಲೆ ಹೊದಿಸುವ ದಪ್ಪ ಬಟ್ಟೆಯ ತುಂಡೊಂದನ್ನು ತಂದೆ. ಅದನ್ನು ಅಳೆದು ಕತ್ತರಿಸಿ ಎರಡು ಪಟ್ಟಿ ಇಟ್ಟು, ಬೆನ್ನಿಗೆ ಹಾಕಿಕೊಳ್ಳುವ ಹಾಗೆ ಹೊಲಿದೆ. ಹಳ್ಳ ದಾಟುವಾಗ ಎರಡೂ ಕೈ ಖಾಲಿ ಇರಬೇಕು, ಒಂದು ಸೀರೆಯ ನಿರಿಗೆಗೆ, ಇನ್ನೊಂದು ಜೀವಕ್ಕೆ. ಸೀರೆಯುಟ್ಟ ಹೆಂಗಸು ಬೆನ್ನಿಗೆ ಚೀಲ ಏರಿಸಿಕೊಂಡು ಹೋಗುವುದನ್ನು ವಡಗಾವಿಯ ಓಣಿ ಅದಕ್ಕೆ ಮೊದಲು ಕಂಡಿರಲಿಲ್ಲ. 'ಮಿಲಿಟ್ರಿ ಅಕ್ಕೋರು ಹೊಂಟ್ರ ನೋಡ್ರಿ' ಎಂದು ಕಟ್ಟೆಯ ಮೇಲಿನವರು ನಕ್ಕರು. ನಗಲಿ ಎಂದು ನಾನೂ ಬಿಟ್ಟುಬಿಟ್ಟೆ, ಕಾಲು ಅವರದಲ್ಲ, ಕೆಸರು ಅವರದಲ್ಲ.

ಆಮೇಲೆ ಪ್ರತಿ ಭಾನುವಾರ ಚೀಲ ಒಂದಿಷ್ಟು ಹಗುರಾಗುತ್ತ ಹೋಯಿತು. ಸೀರೆ ಮೂರೇ, ಉಟ್ಟದ್ದೊಂದು, ಇಟ್ಟದ್ದೊಂದು, ಒಣಗುವುದೊಂದು. ಮೂರೂ ನಮ್ಮ ಮಗ್ಗದವೇ, ಎಳೆ ತಪ್ಪಿ ಅಂಗಡಿಯವರು ಬೇಡವೆಂದು ಹಿಂದಕ್ಕೆ ಕಳಿಸಿದವು. ನೇಕಾರನ ಹೆಂಡತಿ ಒಳ್ಳೆಯ ಸೀರೆ ಉಡುತ್ತಾಳೆಂದು ತಿಳಿದವರು ನೇಕಾರರ ಮನೆ ನೋಡಿರುವುದಿಲ್ಲ. ಸೀರೆಯನ್ನು ಮಡಿಸಿದರೆ ಜಾಗ ತಿನ್ನುತ್ತದೆ, ಸುರುಳಿ ಸುತ್ತಿದರೆ ತೆಪ್ಪಗಿರುತ್ತದೆ. ಕುಪ್ಪಸಗಳು ಸೀರೆಯ ಸುರುಳಿಯೊಳಗೆ, ಎಣ್ಣೆಯ ಶೀಶೆ ತಂಬಿಗೆಯೊಳಗೆ, ತಂಬಿಗೆಯ ಸಂದಿಗೆ ಕರವಸ್ತ್ರ. ಸಾಬೂನು ಇಡೀ ಬಿಲ್ಲೆ ಅಲ್ಲ, ದಾರದಿಂದ ಕೊಯ್ದ ತುಂಡು. ಹಲ್ಲುಪುಡಿ ಕಾಗದದ ಪೊಟ್ಟಣದಲ್ಲಿ. ಕನ್ನಡಿ ಬಿಟ್ಟೆ. ಶಾಲೆಯ ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುತ್ತಿದ್ದೆ. ದೇವರಿಗೆಂದು ಜಾಗ ಬೇಕಿರಲಿಲ್ಲ, ಲಿಂಗವನ್ನು ಕೊರಳಲ್ಲೇ ಕಟ್ಟಿಕೊಂಡ ಮನೆತನ ನಮ್ಮದು. ಒಂದು ತುಂಡು ವಿಭೂತಿ ಸಾಕು, ಅದು ಹಲ್ಲುಪುಡಿಯ ಪಕ್ಕದಲ್ಲಿ ಕೂತು ಬರುತ್ತಿತ್ತು. ಬಸವಣ್ಣನ ಕೃಪೆಯಲ್ಲಿ ನನಗೆ ನೇರವಾಗಿ ಅನುಭವಕ್ಕೆ ಬಂದದ್ದು ಇದೊಂದು ಎಂದು ನಾನು ಹೇಳಿದರೆ ಅತ್ತೆ ಗದರುತ್ತಿದ್ದರು.

ರೊಟ್ಟಿಯದು ಮಾತ್ರ ಬೇರೆಯೇ ಲೆಕ್ಕ. ಭಾನುವಾರ ಮಧ್ಯಾಹ್ನ ಅತ್ತೆ ಜೋಳದ ರೊಟ್ಟಿ ಬಡಿದು ಬೇಯಿಸಿ, ಬೂದಿ ಮುಚ್ಚಿದ ಕೆಂಡದ ಮುಂದೆ ಒರಗಿಸಿ ಒಣಗಿಸುತ್ತಿದ್ದರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ಆದರೆ ಚೀಲದಲ್ಲಿ ಒಂಚೂರು ಅದುಮಿದರೆ ಪುಡಿಪುಡಿ. ಅದನ್ನು ಹಳೆಯ ಧೋತರದ ಬಟ್ಟೆಯಲ್ಲಿ ಕಟ್ಟಿ, ಬೆನ್ನಿಗೆ ತಾಗುವ ಕಡೆ ನೆಟ್ಟಗೆ ನಿಲ್ಲಿಸಿ, ಮುಂದೆ ಸೀರೆಯ ಸುರುಳಿಗಳನ್ನು ಆನಿಸಿ ಇಡಬೇಕು. ಹಾಗಿಟ್ಟ ಮೇಲೆ, ಚೀಲ ಇಳಿಸಲು ಜಾಗವಿಲ್ಲದ ಬಸ್ಸಿನಲ್ಲಿ ಹಿಂದಕ್ಕೆ ಒರಗುವ ಹಾಗಿಲ್ಲ. ಸೋಮವಾರ ಬೆಳಗಿನ ಬಸ್ಸಿನಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರೆ ನಾನು ರೊಟ್ಟಿಯನ್ನು ಕಾಯುತ್ತ ನೆಟ್ಟಗೆ ಕೂತಿರುತ್ತಿದ್ದೆ. ಎಷ್ಟೋ ಸಲ ರೊಟ್ಟಿಯ ಮೇಲೆ ಕಣ್ಣೀರು ಬರುವಷ್ಟು ಸಿಟ್ಟು ಬಂದಿದೆ.

ಇದೆಲ್ಲ ಕೇಳಿದವರು ಒಂದು ಪ್ರಶ್ನೆ ಕೇಳುತ್ತಾರೆ. ವಾರವಿಡೀ ಹಳ್ಳಿಯಲ್ಲೇ ಇರುವವಳು ಎರಡು ಸೀರೆ, ಒಂದು ಬಾಚಣಿಗೆ ಅಲ್ಲಿಯೇ ಇಟ್ಟು ಬರಬಾರದಿತ್ತೇ? ಇಡಬಹುದಿತ್ತು. ನಾನಿದ್ದದ್ದು ಒಬ್ಬ ಮರಾಠಿ ಅಜ್ಜಿಯ ಮನೆಯ ಪಡಸಾಲೆಗೆ ಹೊಂದಿದ ಒಂದು ಕೋಣೆಯಲ್ಲಿ. ಸ್ಟೋವು ಹೋದ ಮೇಲೆ ಅಜ್ಜಿಯ ಒಲೆಯಲ್ಲೇ ನನ್ನ ಅನ್ನವೂ ಬೇಯುತ್ತಿತ್ತು. ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಗೂಡು, ಬಾಗಿಲಿಗೆ ಚಿಲಕ, ಎಲ್ಲ ಸರಿಯಾಗಿಯೇ ಇತ್ತು. ಅಜ್ಜಿ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಎಷ್ಟೋ ಸಲ ಹೇಳಿದ್ದಳು.

'ಬಾಯಿ, ಒಂದ ಸೀರಿ ಇಟ್ಟ ಹೋಗ. ಇಲಿ ತಿನ್ನಂಗಿಲ್ಲ, ಚೋರ ಬರಂಗಿಲ್ಲ. ನಾ ಹಾಯ್ ನಾ ಇಲ್ಲಿ.'

'ಬ್ಯಾಡ ಆಯಿ, ಇವತ್ತ ನಾಳಿ ವರ್ಗ ಆಗ್ತದ. ಮತ್ತ ಅದನ್ನೊಯ್ಯಾಕ ಯಾರ ಬರಬೇಕು?'

ಇದು ನಾನು ಹೊರಗೆ ಹೇಳುತ್ತಿದ್ದ ಕಾರಣ. ಒಳಗಿನ ಕಾರಣ ಇನ್ನೂ ಹುಚ್ಚಿನದು. ಅಲ್ಲಿ ಒಂದು ಬಾಚಣಿಗೆ ಬಿಟ್ಟರೂ ನನ್ನ ವರ್ಗಾವಣೆ ನಿಂತುಹೋಗುತ್ತದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಊರಿನಲ್ಲಿ ನನ್ನದೆನ್ನುವ ಒಂದು ವಸ್ತು ಉಳಿದರೆ ಊರು ನನ್ನನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ಕೋಣೆಗೆ ಬಂದು, ಗೋಡೆಯ ಮೂಲೆಗೆ ಸಿಕ್ಕಿಸಿದ್ದ ಪಿನ್ನನ್ನೂ ಬಿಡದೆ ಚೀಲಕ್ಕೆ ಹಾಕಿಕೊಂಡು, ಕಸ ಗುಡಿಸಿ, ಮತ್ತೆ ಬರುವುದಿಲ್ಲವೇನೋ ಎಂಬಂತೆ ಹೊರಡುತ್ತಿದ್ದೆ. ಪ್ರತಿ ಬೇಸಿಗೆಯಲ್ಲಿ ವರ್ಗಕ್ಕೆ ಅರ್ಜಿ ಹಾಕುತ್ತಿದ್ದೆ. ಜೂನಿನಲ್ಲಿ ಮತ್ತೆ ಅದೇ ಫಾಟಾದಲ್ಲಿ ಇಳಿಯುತ್ತಿದ್ದೆ. ಬೇರೆಯವರಿಗೆ ಆಯಿತು, ನನಗೆ ಆಗಲಿಲ್ಲ. ಯಾಕೆ ಎಂದು ಯಾರನ್ನು ಕೇಳಬೇಕೆಂದೂ ನನಗೆ ಗೊತ್ತಿರಲಿಲ್ಲ.

ಹಾಗೆಂದು ವಡಗಾವಿಯಲ್ಲಾದರೂ ನನ್ನದು ಏನಿತ್ತು? ಮೂರೂ ಸೀರೆ ಚೀಲದಲ್ಲೇ ಹೋಗಿ ಚೀಲದಲ್ಲೇ ಬರುತ್ತಿದ್ದವು. ಮೊದಲು ನನ್ನ ಸೀರೆ ನೇತಾಡುತ್ತಿದ್ದ ಗೂಟಕ್ಕೆ ಮಗಳ ಅಂಗಿಗಳು ಬಂದವು, ಆಮೇಲೆ ಮಗ್ಗದ ಹಗ್ಗಗಳು ಬಂದವು. ಮೊದಮೊದಲು ಶನಿವಾರ ಅವನ್ನು ತೆಗೆದು ನನ್ನ ಸೀರೆ ಹಾಕುತ್ತಿದ್ದೆ. ಒಂದು ದಿನದ ಭಾಗ್ಯಕ್ಕೆ ಯಾಕೆ ಈ ಎತ್ತಿಡುವ ಕೆಲಸ ಎಂದು ಆಮೇಲೆ ಬಿಟ್ಟೆ. ಚೀಲ ಬಾಗಿಲ ಹಿಂದೆಯೇ ಕೂತಿರುತ್ತಿತ್ತು. ಭಾನುವಾರವೆಂದರೆ ಸೀರೆ ಒಗೆಯುವುದು, ಒಣಗಿಸುವುದು, ರೊಟ್ಟಿ ಕಟ್ಟುವುದು. ನಡುವೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರೆ ಬಾಚಣಿಗೆ ಕೈಯಲ್ಲಿದ್ದಂತೆಯೇ ನನಗೆ ತೂಕಡಿಕೆ ಬರುತ್ತಿತ್ತು. ಅವಳು ಕೊಸರಿಕೊಂಡು ಇಳಿದು ಅತ್ತೆಯ ಹತ್ತಿರ ಓಡುತ್ತಿದ್ದಳು.

ಮಗಳು ನನ್ನನ್ನು ಅವ್ವ ಎನ್ನುತ್ತಿರಲಿಲ್ಲ. ನಮ್ಮ ಮನೆಯವರು ತಮ್ಮ ತಾಯಿಯನ್ನು ಅವ್ವ ಎಂದು ಕರೆಯುವುದನ್ನು ದಿನವೂ ಕೇಳುತ್ತ ಅವಳಿಗೆ ಅಜ್ಜಿಯೇ ಅವ್ವ ಆಗಿದ್ದಳು. ಶಾಲೆ ಕಲಿಸುವವಳೆಂದು ನನ್ನನ್ನು ಓಣಿಯವರೆಲ್ಲ ಅಕ್ಕೋರು ಎನ್ನುತ್ತಿದ್ದರಲ್ಲ, ಅವಳಿಗೂ ನಾನು ಅಕ್ಕೋರು. 'ಅಕ್ಕೋರ ಬಂದ್ರು' ಎಂದು ಶನಿವಾರ ಸಂಜೆ ಒಳಗೆ ಓಡಿ ಸುದ್ದಿ ಮುಟ್ಟಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ದೊಡ್ಡವಳಾದರೆ ತಾನೇ ಸರಿಹೋಗುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ವರ್ಗವಾದರೆ ಸರಿಹೋಗುತ್ತದೆ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಅವಳಿಗೆ ಐದು ತುಂಬುವ ಹೊತ್ತಿಗೆ, ಒಂದು ಶ್ರಾವಣದಲ್ಲಿ, ನನ್ನ ನಾದಿನಿ ಬೈಲಹೊಂಗಲದ ಕಡೆಯಿಂದ ತವರಿಗೆ ಬಂದು ಕೆಲವು ದಿನ ಇದ್ದು ಹೋದಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲ. ಹೊರಡುವವಳು ಚೀಲ ಬಾಗಿಲಲ್ಲಿಟ್ಟು ಸೆರಗು ಒಡ್ಡಿ ನಿಲ್ಲುತ್ತಾಳೆ, ಮನೆಯ ಹಿರಿಯಳು ಆ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ, ಮತ್ತೆ ಬಾ ಎಂದು ಬೀಳ್ಕೊಡುತ್ತಾಳೆ. ನಾದಿನಿ ಹೊರಟ ದಿನ ಅತ್ತೆ ಉಡಿ ತುಂಬುವಾಗ ಮಗಳು ಅರಿಶಿನದ ಕೊಂಬು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳಂತೆ. ನಾನು ಅಲ್ಲಿರಲಿಲ್ಲ, ಅದು ನಡುವಾರ.

ಅದರ ಮುಂದಿನ ಸೋಮವಾರ. ಎಂದಿನಂತೆ ಕತ್ತಲಿರುವಾಗಲೇ ಎದ್ದು ಸ್ನಾನ ಮಾಡಿ ಚೀಲ ಕಟ್ಟಿದೆ. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿಗೆ ಬಿಡಲು ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ನಾನು ಪಟ್ಟಿಯೊಳಗೆ ತೋಳು ತೂರಿಸುತ್ತಿದ್ದಾಗ ಮಗಳು ಎದ್ದು ಬಂದಳು. ಸೋಮವಾರ ಅವಳು ಏಳುತ್ತಿರಲಿಲ್ಲ. ನೋಡಿದರೆ ಅಡಿಗೆಮನೆಗೆ ಹೋಗಿ ಏನೋ ಸದ್ದು ಮಾಡುತ್ತಿದ್ದಾಳೆ. ಆಮೇಲೆ ಒಂದು ತಟ್ಟೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ, ಕಚ್ಚಿದ ಗುರುತಿದ್ದ ಕೊಬ್ಬರಿಯ ಹೋಳು, ಮಗ್ಗದ ಕೆಳಗಿನಿಂದ ಹೆಕ್ಕಿದ ಬಣ್ಣದ ಬಟ್ಟೆಯ ಚಿಂದಿ.

'ಸೆರಗ ಹಿಡೀರಿ,' ಎಂದಳು.

ನನಗೆ ಒಮ್ಮೆಗೆ ತಿಳಿಯಲಿಲ್ಲ. ಅತ್ತೆ ಒಲೆಯ ಮುಂದಿನಿಂದ ನೋಡಿ ನಗತೊಡಗಿದರು.

'ಅಯ್ಯ, ನೋಡವ್ವಾ! ನಿನಗ ಉಡಿ ತುಂಬಾಕತ್ತಾಳ!'

ಉಡಿ ತುಂಬಲು ಬಂದವರಿಗೆ ಬೇಡ ಎನ್ನುವ ಹಾಗಿಲ್ಲ, ಅದು ಐದು ವರ್ಷದ ಮಗುವಾದರೂ. ನಾನು ಸೆರಗು ಒಡ್ಡಿದೆ. ಅವಳ ಕೈಗೆ ಎಟುಕಲಿಲ್ಲ, ಮೊಣಕಾಲೂರಿ ಕೂತೆ. ಅವಳು ನಾಲಿಗೆಯ ತುದಿ ಹೊರಗೆ ಹಾಕಿ ಬಲು ಶ್ರದ್ಧೆಯಿಂದ ಅಕ್ಕಿ ಸುರಿದಳು, ಕೊಬ್ಬರಿ ಇಟ್ಟಳು, ಚಿಂದಿಯನ್ನು ಮೇಲೆ ಹೊದಿಸಿದಳು. ಅತ್ತೆ ಹೇಳುವ ಧಾಟಿಯಲ್ಲೇ ಹೇಳಿದಳು.

'ಹೋಗಿ ಬರ್ರಿ ಅಕ್ಕೋರ. ಹಬ್ಬಕ್ಕ ಮತ್ತ ಬರ್ರಿ. ಮರೀಬ್ಯಾಡ್ರಿ.'

ಅತ್ತೆಯ ನಗು ಅಲ್ಲಿಗೇ ನಿಂತಿತು. ನಮ್ಮ ಮನೆಯವರು ಪಂಪು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗುವಿನ ಮೇಲೆ ತಪ್ಪು ಹೊರಿಸಲು ಏನಿತ್ತು? ಚೀಲ ಹಿಡಿದು ಬರುವ, ಚೀಲ ಹಿಡಿದು ಹೋಗುವ, ಬಂದಾಗ ಎಲ್ಲರೂ ನೀರು ಕೊಟ್ಟು ಮಾತಾಡಿಸುವ ಹೆಂಗಸನ್ನು ಅವಳು ಸರಿಯಾಗಿಯೇ ಗುರುತಿಸಿದ್ದಳು. ಇಷ್ಟು ದಿನ ಈ ಅಕ್ಕೋರಿಗೆ ಉಡಿ ತುಂಬದೆ ಕಳಿಸಿದ್ದೇ ಮನೆಯವರ ತಪ್ಪೆಂದು ಅವಳಿಗೆ ಅನ್ನಿಸಿರಬೇಕು.

ನಾನು ಅವಳ ತಲೆ ಸವರಿ ಎದ್ದೆ. ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ಲಿನ ಹಿಂದೆ ಕೂತೆ. ಬಸ್ಸಿನಲ್ಲಿ ಮೊದಲ ಸಲ ನಾನು ಸೀಟಿಗೆ ಒರಗಿದೆ. ಬೆನ್ನ ಹಿಂದೆ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಮುರಿಯಲಿ ಎಂದು ಇನ್ನಷ್ಟು ಒರಗಿದೆ. ಖಾನಾಪುರದಲ್ಲಿ ಇಳಿದಾಗ ಹಳ್ಳಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತು, ಸೊಂಟದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಸುತ್ತ ಜನ ಇದ್ದಾರೆ ಎನ್ನುವುದನ್ನೂ ಮರೆತು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮರಾಠಿ ಹೆಂಗಸು, ತವರಿನಿಂದ ಹೊರಟವಳು ಎಂದುಕೊಂಡಳೋ ಏನೋ, ನನ್ನ ಬೆನ್ನು ತಟ್ಟಿ, ಗಂಡನ ಮನೆ ಒಳ್ಳೆಯದೇ ಇರುತ್ತದೆ, ಅಳಬೇಡ ಎಂದು ಸಮಾಧಾನ ಹೇಳಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಆ ವಾರ ಪಾಠ ಮಾಡಿದ್ದು ನೆನಪಿಲ್ಲ. ಶನಿವಾರ ವಡಗಾವಿಗೆ ಬಂದವಳೇ ಚೀಲ ಇಳಿಸುವ ಮೊದಲು ಹೇಳಿದೆ, ಸೋಮವಾರ ಕೂಸನ್ನು ಕರೆದುಕೊಂಡು ಹೋಗುತ್ತೇನೆ ಎಂದು. ಅತ್ತೆ ಕಿಡಿಯಾದರು.

'ಆ ಅಡವ್ಯಾಗ ಕೂಸಿನ್ನ ಒಯ್ದು ಏನ ಮಾಡಾಕಿ? ಜ್ವರಾ ಬಂದ್ರ ಡಾಕ್ಟ್ರ ಇಲ್ಲ, ಮಳಿ ಬಂದ್ರ ಬಸ್ಸಿಲ್ಲ. ಒಂದ ಮಾತ ಆಡೇತಿ ಕೂಸು, ಅದನ್ನ ಹಿಡ್ಕೊಂಡ ಕುಂತಿ ಏನು?'

'ಹೌದ್ರಿ, ಹಿಡ್ಕೊಂಡ ಕುಂತೀನಿ,' ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

'ಮೂರ ವರ್ಷ ಎದಿಮ್ಯಾಲ ಮಲಗಿಸ್ಕೊಂಡ ಜ್ವಾಪಾನ ಮಾಡೀನಿ ನಾ ಇದನ್ನ,' ಎಂದರು ಅತ್ತೆ. ಸಿಟ್ಟಿನಲ್ಲಿ ಶುರುವಾದ ಮಾತು ಮುಗಿಯುವಾಗ ಒಡೆದಿತ್ತು. ಕೂಸನ್ನು ಬಿಟ್ಟಿರುವುದು ಅವರಿಗೂ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ನನ್ನ ಮಾತು ಬದಲಿಸಲಿಲ್ಲ. ನಮ್ಮ ಮನೆಯವರು ಮಗ್ಗ ನಿಲ್ಲಿಸಿ ಬಂದರು. ಇಬ್ಬರ ಮುಖವನ್ನೂ ನೋಡದೆ, 'ಒಯ್ಯಲಿ ಬಿಡವ್ವಾ, ಅಕಿ ಹಡದಾಳ,' ಎಂದು ಹೇಳಿ ಒಳಗೆ ಹೋದರು. ಮಗ್ಗ ಮತ್ತೆ ಶುರುವಾಯಿತು, ಯಾರಿಗೂ ಮಾತಾಡಲು ಆಗದಷ್ಟು ಸದ್ದು.

ಮಗುವಿನ ಚೀಲ ಕಟ್ಟುವುದು ನನಗೆ ಬರಲಿಲ್ಲ. ನನಗೆ ಏನಿಲ್ಲದಿದ್ದರೂ ನಡೆಯುತ್ತದೆ ಎನ್ನುವುದು ಗೊತ್ತಿತ್ತು, ಅವಳಿಗೆ ಏನಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವುದು ಗೊತ್ತಿರಲಿಲ್ಲ. ಅತ್ತೆಯನ್ನೇ ಕೇಳಬೇಕಾಯಿತು. ಅವರು ಮುಖ ತಿರುಗಿಸಿಕೊಂಡೇ ಒಂದೊಂದಾಗಿ ತಂದು ಹಾಕಿದರು. ರಾತ್ರಿ ಹೊದೆಯುವ ಹಳೆಯ ಕೌದಿ, ಅದಿಲ್ಲದೆ ನಿದ್ದೆ ಬರುವುದಿಲ್ಲ. ಹೊಟ್ಟೆನೋವಿಗೆ ಓಮದ ಪೊಟ್ಟಣ. ಹಾಲು ಕುಡಿಯುವ ಅವಳದೇ ಬಟ್ಟಲು, ಬೇರೆಯದರಲ್ಲಿ ಕೊಟ್ಟರೆ ಬಾಯಿ ಮುಚ್ಚುತ್ತಾಳೆ. ಚಿಂದಿ ಸುತ್ತಿ ಗೊಂಬೆ ಮಾಡಿಕೊಂಡ ಒಂದು ಕಂಡಿಕೆ, ಅದಕ್ಕೊಂದು ಹಾಸಿಗೆ. ಇವೆಲ್ಲ ನನಗೆ ಗೊತ್ತೇ ಇರಲಿಲ್ಲ. ಚೀಲ ಸಾಲದೆ ಇನ್ನೊಂದು ಗಂಟು ಕಟ್ಟಿದೆ, ಅದೂ ಸಾಲಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾನು ಆ ಸೋಮವಾರ ಬೆನ್ನಿಗೊಂದು, ತಲೆಗೊಂದು, ಕಂಕುಳಿಗೊಂದು ಎಂದು ಹೊತ್ತು ಫಾಟಾದಲ್ಲಿ ಇಳಿದೆ. ಮಗಳು ಹಳ್ಳದ ಹತ್ತಿರ ನಡೆಯಲಾರೆ ಎಂದು ಕೂತುಬಿಟ್ಟಳು. ಗಂಟುಗಳನ್ನು ಇತ್ತ ಬಿಟ್ಟು ಮೊದಲು ಅವಳನ್ನು ಎತ್ತಿಕೊಂಡು ದಾಟಿಸಿದೆ. ಅವಳು ಹೆದರಿ ನನ್ನ ಕತ್ತನ್ನು ಉಸಿರುಗಟ್ಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಹಳ್ಳ ಇನ್ನೂ ಒಂದಷ್ಟು ಅಗಲವಾಗಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಬಂದದ್ದು ಸುಲಭ, ಇರುವುದು ಕಷ್ಟವಾಯಿತು. ಮೊದಲ ಎರಡು ದಿನ ಅವಳು 'ಅವ್ವ ಬೇಕು' ಎಂದು ನನ್ನ ಮಡಿಲಲ್ಲೇ ಕೂತು ಅತ್ತಳು. ಅವ್ವ ಎಂದರೆ ಯಾರು ಎಂದು ಗೊತ್ತಿದ್ದೂ ತಟ್ಟುತ್ತ ಕೂರುವುದು ಎಂಥ ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಹಗಲು ಶಾಲೆಗೆ ಕರೆದೊಯ್ದು ಒಂದನೇ ತರಗತಿಯ ಮಕ್ಕಳ ನಡುವೆ ಕೂರಿಸುತ್ತಿದ್ದೆ. ಅರ್ಧ ಮಕ್ಕಳ ಮನೆಮಾತು ಮರಾಠಿ, ಇವಳಿಗೆ ವಡಗಾವಿಯ ಓಣಿಯಲ್ಲಿ ಕಲಿತ ಮರಾಠಿ ಬೇಕಾದಷ್ಟಿತ್ತು, ಮೂರನೆಯ ದಿನಕ್ಕೆ ಜೊತೆಗಾತಿಯರು ಸಿಕ್ಕರು. ಮನೆಯ ಅಜ್ಜಿ ಅವಳಿಗೆ ಬೆಲ್ಲ ಹಾಕಿ ಗಂಜಿ ಮಾಡಿಕೊಟ್ಟಳು. ನಾಲ್ಕನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಗೋಡೆಯ ಗೂಡು ತುಂಬಿಹೋಗಿತ್ತು. ಜೊತೆಗಾತಿಯರೊಂದಿಗೆ ಮೊದಲೇ ಮನೆಗೆ ಬಂದಿದ್ದ ಅವಳೇ ಸ್ಟೂಲು ಎಳೆದುಕೊಂಡು ಹತ್ತಿ ಪಾಟಿ, ಬಟ್ಟಲು, ರಿಬ್ಬನ್ನು, ಮಡಿಸಿದ ಅಂಗಿ, ಮಲಗಿಸಿದ ಕಂಡಿಕೆ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಳು. ವರ್ಗಾವಣೆ ನಿಂತೇ ಹೋಯಿತು ಎನ್ನಿಸಿತು, ಆದರೂ ಶನಿವಾರದವರೆಗೆ ಇರಲಿ ಎಂದು ಮುಟ್ಟಲಿಲ್ಲ.

ಶನಿವಾರ ಬಂತು. ಬೆಳಗಿನ ಶಾಲೆ ಮುಗಿಸಿ ಬಂದು ಎಂದಿನಂತೆ ಚೀಲ ತೆರೆದೆ. ನನ್ನ ಸೀರೆ ಸುತ್ತಿ ಹಾಕಿ, ಸ್ಟೂಲು ಹತ್ತಿ ಗೂಡಿಗೆ ಕೈ ಹಾಕಿದೆ.

'ಅವನ್ನ ಯಾಕ ತಗೀತೀರಿ?' ಎಂದಳು ಮಗಳು.

'ಮನಿಗೆ ಹೋಗೂದೈತಿ ಅಲ್ಲ.'

'ಸೋಮಾರ ಮತ್ತ ಬರ್ತೇವಲ್ಲ. ಇಲ್ಲೇ ಇರಲಿ.'

'ಇಲ್ಲಿ ಏನೂ ಬಿಡೂದಿಲ್ಲ. ಇದು ನಮ್ಮ ಮನಿ ಅಲ್ಲ.'

ಅವಳು ಚೀಲವನ್ನು ನೋಡಿದಳು, ಗೂಡನ್ನು ನೋಡಿದಳು. ಹಟವಿರಲಿಲ್ಲ, ಅಳುವಿರಲಿಲ್ಲ. ತರಗತಿಯಲ್ಲಿ ಲೆಕ್ಕ ತಿಳಿಯದೆ ಕೇಳುವ ಮಗುವಿನ ಧ್ವನಿಯಲ್ಲಿ ಕೇಳಿದಳು.

'ಅಲ್ಲೂ ನಿಮ್ಮದು ಏನೂ ಇಲ್ಲ. ಇಲ್ಲೂ ಏನೂ ಇಲ್ಲ. ಮತ್ತ ನೀವು ಎಲ್ಲಿ ಇರಾವ್ರು?'

ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗಲಿಲ್ಲ. ಆಮೇಲೆ ಸಿಟ್ಟು ಇಳಿದು ಹೋಗಿ, ಬರೀ ದಣಿವು ಉಳಿಯಿತು, ಕಾಲಿನಿಂದ ತಲೆಯವರೆಗೆ, ಮೂರು ವರ್ಷದ ದಣಿವು. ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತೆ. ಇನ್ನು ಚೀಲ ಕಟ್ಟಲಾರೆ ಎನ್ನಿಸಿತು. ವರ್ಗವಾದರೆ ಆಗಲಿ, ಆಗದಿದ್ದರೆ ಸಾಯಲಿ. ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, ತುದಿ ಹಿಡಿದು ಎತ್ತಿ, ಒಳಗಿದ್ದುದನ್ನೆಲ್ಲ ನೆಲಕ್ಕೆ ಸುರಿದೆ. ಸೀರೆ, ತಂಬಿಗೆ, ಎಣ್ಣೆಯ ಶೀಶೆ, ವಿಭೂತಿ, ರೊಟ್ಟಿಯ ಚೂರು. ಮಗಳು ಕಣ್ಣು ದೊಡ್ಡದು ಮಾಡಿ ನೋಡಿದಳು. ಆಮೇಲೆ ತಾನೂ ಕೂತು, ನನ್ನ ಒಂದು ಸೀರೆ ಎತ್ತಿಕೊಂಡು, ಎಲ್ಲಿಡಲಿ ಎಂದು ಕೇಳಿದಳು.

'ಎಲ್ಲಿ ಬೇಕಾದಲ್ಲಿ ಇಡು,' ಎಂದೆ.

ಬೆಳಗಾವಿಗೆ ಹೋಗುವ ಪಕ್ಕದ ಮನೆಯವನ ಕೈಯಲ್ಲಿ, ಕೂಸು ಆರಾಮಾಗಿದೆ, ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಕಳಿಸಿದೆ. ಅತ್ತೆ ಸಂಜೆಯವರೆಗೆ ಬಾಗಿಲಲ್ಲಿ ಕೂತು ದಾರಿ ನೋಡುತ್ತಾರೆ ಎಂದು ಗೊತ್ತಿತ್ತು, ಅದಕ್ಕೆ ಸಂಕಟವೂ ಆಯಿತು. ಫಾಟಾದ ಕಡೆ ಬಸ್ಸಿನ ಹಾರ್ನು ಕೇಳಿಸಿತು, ಆದರೂ ಏಳಲಾಗಲಿಲ್ಲ. ಅಜ್ಜಿಯ ಚಾಪೆ ಬಿಡಿಸುವ ಸೋಮಾರಿತನಕ್ಕೆ ಮಗಳ ಕೌದಿಯನ್ನೇ ತಲೆಯಡಿ ಹಾಕಿಕೊಂಡು ಅಡ್ಡಾದೆ. ಹಗಲಿನ ಬೆಳಕಿನಲ್ಲಿ ಆ ಕೋಣೆಯ ಜಂತಿಗಳನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ.

ಹೊರಗೆ ಅಂಗಳದಲ್ಲಿ ಮನೆಯ ಅಜ್ಜಿಯ ಧ್ವನಿ ಕೇಳಿಸಿತು. ಬಸ್ಸು ಹೋಯಿತಲ್ಲ, ನೀವು ಹೋಗಲಿಲ್ಲವೇ ಎಂದು ಮಗಳನ್ನು ಕೇಳುತ್ತಿದ್ದಳು.

'ಇಲ್ಲ,' ಎಂದಳು ಮಗಳು, 'ನಾವು ಇಲ್ಲಿ ಇರಾವ್ರು.'

ನಾನು ಕೇಳಿಸಿಕೊಂಡೆ. ಅಲ್ಲ ಎಂದು ಹೇಳಲು ಎದ್ದು ಹೋಗಲಿಲ್ಲ.